ನವಲಗುಂದದ ಎರಡು ಹಕ್ಕಿಗಳು

ನವಲಗುಂದದ ಪುರಸಭೆಗೆ ಬರುವ ಸರ್ಕಾರಿ ಆದೇಶದ ನೆತ್ತಿಯಲ್ಲಿ ಎರಡು ತಲೆಯ ಗಂಡಭೇರುಂಡವಿರುತ್ತದೆ. ಎಡಬಲಕ್ಕೆ ಆನೆಯ ತಲೆ, ಸಿಂಹದ ಮೈಯ ಗಜಕೇಸರಿಗಳು. ಮೈಸೂರು ಒಡೆಯರ ಈ ಲಾಂಛನ, 1956ರವರೆಗೆ ಮುಂಬಯಿಗೆ ಸೇರಿದ್ದ ನಮ್ಮ ಸೀಮೆಗೆ ಏಕೀಕರಣದೊಂದಿಗೆ ಬಂತು. ಹಾಗೆಂದು ಅದನ್ನು ಹೊರಗಿನದೆನ್ನಲು ನಮಗೆ ಮನಸ್ಸಿಲ್ಲ. ಚಾಲುಕ್ಯರ ಸಾಮಂತ ಚಾವುಂಡರಾಯ ಬಳ್ಳಿಗಾವಿಯಲ್ಲಿ 1047ರಲ್ಲೇ ಭೇರುಂಡದ ಕಂಬ ನಿಲ್ಲಿಸಿದ್ದ. ಅದೇ ಚಾಲುಕ್ಯ ವಂಶದ ನಾಲ್ಕನೆಯ ಸೋಮೇಶ್ವರ ಮುಂದೆ ಆಳಿದ್ದು ನಮ್ಮ ಅಣ್ಣಿಗೇರಿಯಿಂದ.

ಊರಿಗೆ ಹೆಸರು ಬಂದದ್ದು ಮಾತ್ರ ನವಿಲಿನಿಂದ ಎನ್ನುತ್ತಾರೆ. ಆ ನವಿಲು ಕಾಗದದ ಮೇಲಿಲ್ಲ, ಜಮಖಾನೆಯ ಮೇಲಿದೆ. ಮನೆಯೊಳಗಿನ ಮಗ್ಗದಲ್ಲಿ ಅದನ್ನು ನೇಯ್ದವರು ನಮ್ಮ ಮುಸ್ಲಿಂ ಹೆಣ್ಣುಮಕ್ಕಳು. ಜಾನಮಾಜನ್ನೂ ಅವರೇ ನೇಯುತ್ತಾರೆ. ನಾವು ಇದನ್ನೂ ಊರಿನ ಲಾಂಛನವೆಂದೇ ಓದುತ್ತೇವೆ. ಜಮಖಾನೆಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಮಗ್ಗದ ಮುಂದೆ ಕೂರುವ ಕೈಗಳು ಈಗ ಬೆರಳೆಣಿಕೆಯಷ್ಟು.