ಮೊಣಕಾಲುದ್ದ ನೀರಿಗೆ ಯಾವ ದೋಣಿ?

ಬಾತುಕೋಳಿ ಮೇಯುವುದು ಮೊಣಕಾಲುದ್ದ ನೀರಿನಲ್ಲಿ. ದೋಣಿಯ ಮೋಟಾರು ಬಯಸುವುದು ಎದೆಯುದ್ದ ನೀರನ್ನು. ಬಾತುಬೇಟೆ ಎಲ್ಲೆಲ್ಲಿ ಹವ್ಯಾಸವಾಗಿತ್ತೋ ಅಲ್ಲೆಲ್ಲ ಈ ವಿರೋಧ ಬೇಟೆಗಾರರನ್ನು ಕಾಡಿದೆ. ಕೋಲಾರ ಸೀಮೆಯ ಕೆರೆಗಳು ಇದಕ್ಕೆ ತಮ್ಮದೇ ಉತ್ತರ ಕೊಟ್ಟಿದ್ದವು. ಬೇಟೆ ನಿಂತುಹೋಗಿದೆ, ಉತ್ತರ ಮಾತ್ರ ಇಂದಿಗೂ ಪ್ರಯೋಜನಕ್ಕೆ ಬರುವಂತಹುದು.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿ ಬೆಟ್ಟದ ಕಡೆಯಿಂದ ಬರುವ ಪಾಲಾರ್ ಕೂಡ ಮಳೆಗಾಲದ ನದಿ. ಆ ಕೊರತೆಯನ್ನು ತುಂಬಿದವು ಕೆರೆಗಳು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ 4 ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಇವುಗಳಲ್ಲಿ ಹೆಸರಾದದ್ದು ಬೇತಮಂಗಲದ ಕೆರೆ. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದು ಈಗ ಕೆಜಿಎಫ್ ತಾಲ್ಲೂಕಿನಲ್ಲಿರುವ ಈ ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಪಾಲಾರ್‌ಗೆ ಅಡ್ಡಲಾಗಿ ಕಟ್ಟಿದ ಇಲ್ಲಿನ ಕೆರೆ ಒಡೆದಾಗ ಹತ್ತನೇ ಶತಮಾನದಲ್ಲಿ ನೊಳಂಬ ದೊರೆ ಇರಿವ ನೊಳಂಬ ಅದನ್ನು ದುರಸ್ತಿ ಮಾಡಿಸಿದನೆಂದು ಶಾಸನ ಹೇಳುತ್ತದೆ.

ಗಣಿಯವರು ಬಂದರು

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಚಿನ್ನದ ಗಣಿಗಳ ಆಡಳಿತಕ್ಕೆ ಕೈ ಹಾಕಿದ ಮೇಲೆ ಈ ಸೀಮೆಯ ಚಹರೆ ಬದಲಾಯಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಓಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಗಣಿಗೂ ಗಣಿಯೂರಿಗೂ ನೀರು ಬೇಕಾದಾಗ ಕಣ್ಣು ಬಿದ್ದದ್ದು ಬೇತಮಂಗಲದ ಮೇಲೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಜಲಶುದ್ಧೀಕರಣ ಕೇಂದ್ರ ಎದ್ದಿತು. ಗಣಿಯ ಐರೋಪ್ಯ ಅಧಿಕಾರಿಗಳಿಗೆ ಅದೇ ಕೆರೆ ದೋಣಿವಿಹಾರದ ತಾಣವೂ ಆಯಿತು.

ಮೈಸೂರು ಸೀಮೆಯ ಕೆರೆಗಳಲ್ಲಿ ಬಾತು ಮತ್ತು ಉಲ್ಲಂಕಿಯ ಬೇಟೆ ಆ ಕಾಲದ ಬಿಳಿಯ ಅಧಿಕಾರಿಗಳ ಚಳಿಗಾಲದ ಹವ್ಯಾಸ. ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತು, ಬಿಳಿಹುಬ್ಬಿನ ಬಾತು ಹಿಮಾಲಯದ ಆಚೆಯಿಂದ ಬಂದಿಳಿಯುವ ತಿಂಗಳುಗಳವು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಕಾಯಿದೆ ತಂದಿತ್ತೆಂದರೆ ಬಂದೂಕುಗಳ ಸದ್ದು ಎಷ್ಟಿತ್ತೆಂದು ಊಹಿಸಬಹುದು.

ಕೆರೆಯ ರಚನೆಯೇ ಅಡ್ಡಿ

ನಮ್ಮ ಕೆರೆ ತಟ್ಟೆಯಂತಹುದು, ಬಾವಿಯಂತಹುದಲ್ಲ. ಏರಿಯ ಬುಡದಲ್ಲಿ, ತೂಬಿನ ಬಳಿ ಮಾತ್ರ ಆಳ. ಅಲ್ಲಿಂದ ಹಿಂದಕ್ಕೆ ನೀರು ತೆಳುವಾಗುತ್ತ ಹೋಗಿ ಅಂಗಳದಲ್ಲಿ ಕೆಸರಾಗಿ ಮುಗಿಯುತ್ತದೆ. ತಲೆ ಮುಳುಗಿಸಿ ಬಾಲ ಮೇಲೆತ್ತಿ ಮೇಯುವ ಬಾತುಗಳಿಗೆ ಬೇಕಾದದ್ದು ಈ ಹಿಂಭಾಗವೇ. ಕೊಕ್ಕು ತಳ ಮುಟ್ಟಬೇಕು, ಬೀಜ, ಗೆಡ್ಡೆ, ಹುಳು ಸಿಗಬೇಕು. ಆಳವಾದ ನಡುನೀರು ಅವುಗಳಿಗೆ ಹಗಲಿನ ವಿಶ್ರಾಂತಿಗೆ ಮಾತ್ರ.

ನಾರ್ವೆ ಮೂಲದ ಓಲ್ ಎವಿನ್‌ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ ತಯಾರಿಸಿದ ಮೋಟಾರು 1909ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ, ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಜಗತ್ತಿನಾದ್ಯಂತ ಹರಡಿತು. ಸಣ್ಣ ಮೋಟಾರಿಗೂ ಅದರ ಪಂಖ ದೋಣಿಯ ತಳಕ್ಕಿಂತ ಕೆಳಗೆ, ನೀರಿನ ಮಟ್ಟದಿಂದ ಸುಮಾರು ಒಂದೂವರೆ ಅಡಿ ಕೆಳಗೆ ತಿರುಗಬೇಕು. ಎಂಜಿನ್ ತಣ್ಣಗಾಗಲು ಕೆರೆಯ ನೀರನ್ನೇ ಹೀರಿಕೊಳ್ಳುತ್ತದೆ. ಕೆಸರು ಒಳಹೋದರೆ ಪಂಪು ಸವೆಯುತ್ತದೆ, ಎಂಜಿನ್ ಕಾಯುತ್ತದೆ. ಜೊಂಡು, ಜಲಸಸ್ಯ ಪಂಖಕ್ಕೆ ಸುತ್ತಿಕೊಂಡರೆ ದೋಣಿ ನಿಂತಲ್ಲೇ ನಿಲ್ಲುತ್ತದೆ. ಮೊಂಡು ಕಲ್ಲಿಗೋ ಬುಡಕ್ಕೋ ತಾಗಿದರೆ ಪಂಖ ಕಾಯುವ ಪಿನ್ನು ಮುರಿಯುತ್ತದೆ. ಕೆರೆಯಂಗಳದಲ್ಲಿ ನೆಟ್ಟ ಗೊಬ್ಬಳಿ ಜಾಲಿಯ ಮೋಟುಗಳು ಮುಂದೆ ಕೋಲಾರದ ಕೆರೆಗಳಲ್ಲಿ ಈ ಕಷ್ಟಕ್ಕೆ ಇನ್ನೊಂದು ಕಾರಣವಾದವು.

ಇದಕ್ಕೆ ಪರಿಹಾರ ಎರಡು ದೂರದ ದೇಶಗಳಲ್ಲಿ ಹೊಳೆಯಿತು. ಥಾಯ್ಲೆಂಡಿನ ಕಾಲುವೆಗಳಲ್ಲಿ ಜನ ಎಂಜಿನ್ನನ್ನು ದೋಣಿಯ ಮೇಲೆ ಇಟ್ಟು, ಉದ್ದನೆಯ ಕಡ್ಡಿಯ ತುದಿಗೆ ಪಂಖ ಸಿಕ್ಕಿಸಿ ಓರೆಯಾಗಿ ನೀರಿಗೆ ಬಿಟ್ಟರು. ಆಳಕ್ಕೆ ಇಳಿಯದೆ ಮೇಲ್ಮಟ್ಟದಲ್ಲೇ ತಿರುಗುವ ಈ ಪಂಖವನ್ನು ಅಡ್ಡಿ ಬಂದಾಗ ಕೈಯಿಂದ ಎತ್ತಿಬಿಡಬಹುದು. 1970ರ ದಶಕದಲ್ಲಿ ಅಮೆರಿಕದ ಲೂಯಿಸಿಯಾನದ ಜೌಗಿನಲ್ಲಿ ಬಾತುಬೇಟೆಗಾರರಿಗಾಗಿ ಬಂದ ‘ಕೆಸರು ಮೋಟಾರು’ ಇದೇ ತತ್ತ್ವದ್ದು. ಗಾಳಿಯಿಂದ ತಣ್ಣಗಾಗುವ ಎಂಜಿನ್, ಉದ್ದ ಕಡ್ಡಿ, ಗಟ್ಟಿ ಪಂಖ. ಒಡಿಶಾದ ಚಿಲಿಕಾ ಸರೋವರದ ಮೀನುಗಾರರ ಉದ್ದಬಾಲದ ದೋಣಿಗಳೂ ಅದೇ ಜಾತಿಗೆ ಸೇರಿದವು. ಆದರೆ ಬೆಲೆ ತೆರಬೇಕಾದ್ದು ಸದ್ದಿನಲ್ಲಿ. ಎಂಜಿನ್ ತಲೆಯ ಮಟ್ಟದಲ್ಲಿ ಗುಡುಗುತ್ತಿರುವಾಗ ಬಾತು ಕಾದು ಕೂರುವುದುಂಟೇ?

ಅದಕ್ಕಾಗಿಯೇ ಬಾತುಬೇಟೆಯಲ್ಲಿ ಮೋಟಾರು ಸ್ಥಳ ಸೇರುವುದಕ್ಕೆ ಮಾತ್ರ. ಅಲ್ಲಿಂದ ಮುಂದೆ ಮೌನವೇ ಆಯುಧ. ಅಮೆರಿಕದ ಕಾನೂನು ಓಡುತ್ತಿರುವ ಮೋಟಾರು ದೋಣಿಯಿಂದ ವಲಸೆಹಕ್ಕಿಗೆ ಗುಂಡು ಹಾರಿಸುವುದನ್ನು ನಿಷೇಧಿಸುತ್ತದೆ. ಬೇಟೆಯಲ್ಲೂ ಸರಿಸಾಟಿಯಿರಬೇಕು, ಯಂತ್ರ ಬೆನ್ನಟ್ಟಬಾರದು ಎಂಬುದು ಅದರ ಹಿಂದಿನ ಭಾವನೆ. ಎಂಜಿನ್ ಇಲ್ಲದೆಯೂ ಸಂಹಾರ ಸಾಧ್ಯವೆಂದು ತೋರಿಸಿದ್ದು ಭರತಪುರ. ವೈಸರಾಯ್ ಲಿನ್‌ಲಿತ್‌ಗೋ ಇದ್ದ 1938ರ ನವೆಂಬರ್ 12ರ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಸತ್ತವು. ಅಲ್ಲಿ ಬಂದೂಕುಗಳು ಮರೆಯಲ್ಲಿ ಕಾದಿದ್ದವು; ಹಕ್ಕಿಗಳೇ ಅವುಗಳ ಮೇಲೆ ಹಾರಿಬಂದವು.

ಹರಿಗೋಲಿನ ಜಾಣತನ

ಕರ್ನಾಟಕದ ನೀರಿಗೆ ಒಗ್ಗಿದ ಉತ್ತರ ಹರಿಗೋಲು. ಬಿದಿರಿನ ಹೆಣಿಗೆಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಚೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ತಳ ಅಗಲ ಮತ್ತು ಚಪ್ಪಟೆಯಾದ್ದರಿಂದ ಭಾರ ಹರಡಿಹೋಗಿ ಕೆಲವೇ ಅಂಗುಲ ನೀರಿನಲ್ಲಿ ತೇಲುತ್ತದೆ. ಸಿಕ್ಕಿಕೊಳ್ಳಲು ಪಂಖವಿಲ್ಲ. ನೀರು ಮುಗಿದರೆ ತಲೆಯ ಮೇಲೆ ಹೊತ್ತು ಮುಂದೆ ನಡೆಯಬಹುದು. ಒಂದು ಹುಟ್ಟು ಸಾಕು, ಸದ್ದಿಲ್ಲ. ಇದರ ದೋಷ ನಿಧಾನ. ಗಾಳಿ ಬೀಸಿದರೆ ಸುತ್ತುತ್ತದೆ. ಮುಳ್ಳು ತಾಗಿದರೆ ಹೊದಿಕೆ ಹರಿಯುತ್ತದೆ, ಆದರೆ ದುರಸ್ತಿಗೆ ಸೂಜಿದಾರ, ಡಾಂಬರು ಸಾಕು. ಮೀನುಗಾರರಿಗೆ ಇಂದಿಗೂ ಇದು ಪ್ರಿಯವಾದದ್ದು ಅಗ್ಗದ ಕಾರಣಕ್ಕಷ್ಟೇ ಅಲ್ಲ, ಕೆರೆಯ ಸ್ವಭಾವಕ್ಕೆ ಒಪ್ಪುವುದರಿಂದ.

ಬಂದೂಕಿನ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಅದರಲ್ಲಿ ಉಳಿದಿದ್ದ ಬೇಟೆ ಪರವಾನಗಿಯ ವ್ಯವಸ್ಥೆಯನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಕೆಜಿಎಫ್‌ನ ಗಣಿಗಳೂ 2001ರ ಫೆಬ್ರವರಿ 28ರಂದು ಮುಚ್ಚಿದವು. ಇಂದು ಬಾತುಗಳತ್ತ ದೋಣಿ ಹೋಗುವುದು ಮೀನು ಹಿಡಿಯಲು ಅಥವಾ ಹಕ್ಕಿ ಎಣಿಸಲು. ಅವರಿಗೂ ಪ್ರಶ್ನೆ ಹಳೆಯದೇ.

ಹಾಗಾದರೆ ಇಂತಹ ಕೆರೆಗೆ ದೋಣಿ ಆರಿಸುವವರು ಏನು ನೋಡಬೇಕು? ಮೊದಲನೆಯದು ನೀರು ಅತಿ ಕಡಿಮೆಯಿರುವ ತಿಂಗಳಿನ ಆಳ, ತುಂಬಿದಾಗಿನ ಆಳವಲ್ಲ. ಎರಡನೆಯದು ತಳ: ಮರಳೋ, ಕೆಸರೋ, ಮೋಟುಗಳೋ ಎಂಬುದು. ಮೂರನೆಯದು ನೀರಿನ ಉಪಯೋಗ. ಹಳೆಯ ಮಾದರಿಯ ಎರಡು ಹೊಡೆತದ ಪೆಟ್ರೋಲ್ ಮೋಟಾರು ಇಂಧನದ ನಾಲ್ಕರಲ್ಲೊಂದು ಭಾಗವನ್ನು ಉರಿಯದೆಯೇ ಹೊರಬಿಡಬಲ್ಲದು. ಕುಡಿಯುವ ನೀರಿಗೆಂದು ಹೆಸರಾದ ಬೇತಮಂಗಲದಂತಹ ಕೆರೆಗೆ ಅದು ಸಲ್ಲದು. ಮೋಟಾರು ಬೇಕೇ ಬೇಕೆಂದರೆ ಬ್ಯಾಟರಿಯದು, ಅದೂ ಏರಿಯ ಬದಿಯ ಆಳಕ್ಕೆ ಮಾತ್ರ.

ಇದರಾಚೆಗೆ ಇನ್ನೊಂದು ಆತಂಕವಿದೆ. ಹೂಳೆತ್ತುವ ಹೆಸರಿನಲ್ಲಿ ಜೆಸಿಬಿಗಳು ಕೆರೆಯಂಗಳವನ್ನು ಕಡಿದಾದ ಗುಂಡಿಗಳಾಗಿ ಅಗೆದರೆ ನೀರಿನ ಲೆಕ್ಕ ಹೆಚ್ಚಬಹುದು, ದೋಣಿಗೆ ಆಳವೂ ಸಿಗಬಹುದು. ಆದರೆ ಮೊಣಕಾಲುದ್ದ ನೀರು ಮಾಯವಾಗುತ್ತದೆ. ಅದರೊಂದಿಗೆ ಮೇಯುವ ಬಾತೂ. ಕೋಲಾರದ ಕೆರೆಗಳಿಗೆ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿದೆ. ಬರಿದಾಗಿದ್ದ ಅಂಗಳಗಳಲ್ಲಿ ನೀರು ನಿಂತಿರುವಾಗ ಅದರ ತೆಳು ಅಂಚನ್ನು ಉಳಿಸಿಕೊಳ್ಳುವುದು ಮುಖ್ಯ. ಕೆರೆಯ ಆಳವನ್ನು ದೋಣಿಗೆ ಹೊಂದಿಸುವ ಬದಲು ದೋಣಿಯನ್ನು ಕೆರೆಗೆ ಹೊಂದಿಸಿದ ಹರಿಗೋಲಿನವರು ಈ ವಿಷಯವನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದರು.