ರೋಗನಿರೋಧಕ ಶಕ್ತಿ

ಸಂಸ್ಕೃತದ ‘ರುಧ್’ ಧಾತುವಿಗೆ ತಡೆಯುವುದೆಂಬ ಅರ್ಥ. ಅದರಿಂದ ನಿರೋಧ, ನಿರೋಧಕ. ಜೊತೆಗೆ ಸೇರಿದ ‘ಶಕ್ತಿ’ಯೇ ತೊಡಕು: ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವ ಹುಟ್ಟಿಸುತ್ತದೆ. ಅದು ಯಾವಾಗಲೂ ನಿಜವಲ್ಲವೆಂದು ಕೋವಿಡ್ ತೋರಿಸಿತು. 2021ರ ಮೇ ತಿಂಗಳಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಜಿಂದಾಲ್ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನು ನೆಚ್ಚಿ ಸಾವಿರ ಹಾಸಿಗೆಗಳ ತಾತ್ಕಾಲಿಕ ಕೋವಿಡ್ ಆಸ್ಪತ್ರೆ ಎದ್ದಿತು. ಆಮ್ಲಜನಕ ಬೇಕಾಗುವ ಹಂತದಲ್ಲಿ ಅನೇಕರ ಶ್ವಾಸಕೋಶವನ್ನು ಕೆಡಿಸುವುದು ವೈರಾಣುವೊಂದೇ ಅಲ್ಲ, ದೇಹದ ಹತೋಟಿ ಮೀರಿದ ಉರಿಯೂತವೂ ಹೌದು. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ‘ರಿಕವರಿ’ ಎಂಬ ಕೋವಿಡ್ ಔಷಧ ಪ್ರಯೋಗವೇ ಇದಕ್ಕೆ ಸಾಕ್ಷಿ: ಈ ಉರಿಯೂತದ ಪ್ರತಿಕ್ರಿಯೆಯನ್ನು ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಔಷಧ, ವೆಂಟಿಲೇಟರಿನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು; ಆಮ್ಲಜನಕ ಬೇಡವಾಗಿದ್ದವರಿಗೆ ಪ್ರಯೋಜನ ಕಾಣಲಿಲ್ಲ. ಲಸಿಕೆ ಬೆಳೆಸುವುದೂ ಇದೇ ಶಕ್ತಿಯನ್ನಲ್ಲವೇ ಎನ್ನಬಹುದು. ನಿಜ, ಆದರೆ ಲಸಿಕೆ ಬರಿಯ ಬಲ ಕೊಡುವುದಿಲ್ಲ, ಗುರಿಯನ್ನು ಮೊದಲೇ ಕಲಿಸುತ್ತದೆ. ಆದ್ದರಿಂದ ಆಸ್ಪತ್ರೆಯ ರೋಗಿಯ ವಿಷಯದಲ್ಲಿ ‘ರೋಗನಿರೋಧಕ ಪ್ರತಿಕ್ರಿಯೆ’ ಎನ್ನುವುದೇ ಸರಿ.