ಗುಗ್ಗುಳ

ಗುಗ್ಗುಳ: ಬರ್ಸರೇಸೀ ಕುಟುಂಬದ ಮುಳ್ಳುಪೊದೆ, ಅದರ ತೊಗಟೆಯಿಂದ ಒಸರುವ ಪರಿಮಳದ ಅಂಟಿಗೂ ಇದೇ ಹೆಸರು. ಶಾಸ್ತ್ರೀಯ ನಾಮ ಕಾಮಿಫೋರ ವೈಟಿಯೈ. ರಾಜಸ್ಥಾನ, ಗುಜರಾತಿನ ಒಣಭೂಮಿಯಲ್ಲಿ ಹೆಚ್ಚು. ಕರ್ನಾಟಕದ ಬಯಲುಸೀಮೆಯಲ್ಲೂ ಅಲ್ಲಲ್ಲಿ ಇದೆ. ತೊಗಟೆ ಕಾಗದದಂತೆ ಸುಲಿಯುತ್ತದೆ. ಕಾಂಡಕ್ಕೆ ಕಚ್ಚು ಹಾಕಿ ಅಂಟು ತೆಗೆಯುತ್ತಾರೆ. ಇದನ್ನು ಧೂಪಕ್ಕೂ ಔಷಧಕ್ಕೂ ಬಳಸುವುದುಂಟು.

ಸುಶ್ರುತ ಸಂಹಿತೆಯಲ್ಲಿ ಮೇದೋರೋಗಕ್ಕೆ (ಮೈಯಲ್ಲಿ ಕೊಬ್ಬು ಹೆಚ್ಚುವ ವಿಕಾರ) ಗುಗ್ಗುಳವನ್ನು ಹೇಳಿದೆ. ಈ ಸುಳಿವು ಹಿಡಿದು ಸಂಶೋಧಕಿ ಜಿ. ವಿ. ಸತ್ಯವತಿ 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ಪ್ರಯೋಗ ನಡೆಸಿ, ರಕ್ತದ ಕೊಲೆಸ್ಟರಾಲ್ ಇಳಿಯುವುದನ್ನು ತೋರಿಸಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿದ ‘ಗುಗ್ಗುಲಿಪಿಡ್’ 1980ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇದರ ಮುಖ್ಯ ಘಟಕ ಗುಗ್ಗುಲ್‌ಸ್ಟಿರೋನ್.

ಭಾರತದ ಹಲವು ಅಧ್ಯಯನಗಳಲ್ಲಿ ಫಲ ಕಂಡಿತಾದರೂ, 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆ ಬೇರೆ ಚಿತ್ರ ಕೊಟ್ಟಿತು. 103 ವಯಸ್ಕರ ಮೇಲೆ 8 ವಾರ ನಡೆದ ಅದರಲ್ಲಿ, ಗುಗ್ಗುಳ ಸೇವಿಸಿದವರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಶೇ. 4–5ರಷ್ಟು ಏರಿತು, ಕೆಲವರಿಗೆ ಚರ್ಮದಲ್ಲಿ ದದ್ದು ಎದ್ದಿತು. ಹೀಗಾಗಿ ಕೊಲೆಸ್ಟರಾಲ್ ಇಳಿಸಲು ವೈದ್ಯರು ಕೊಟ್ಟ ಸ್ಟ್ಯಾಟಿನ್ ಮಾತ್ರೆಗೆ ಇದು ಬದಲಿಯಲ್ಲ. ರಕ್ತದೊತ್ತಡದ ಔಷಧಗಳಾದ ಪ್ರೊಪ್ರನಲಾಲ್, ಡಿಲ್ಟಿಯಾಜೆಮ್ ದೇಹಕ್ಕೆ ಸೇರುವ ಪ್ರಮಾಣವನ್ನೂ ಇದು ತಗ್ಗಿಸುತ್ತದೆ. ಗರ್ಭಿಣಿಯರಿಗೆ ವರ್ಜ್ಯ.

ಅಂಟಿನ ಆಸೆಗೆ ಆಳವಾಗಿ ಕಚ್ಚು ಹಾಕಿದರೆ ಗಿಡವೇ ಸಾಯುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ತೀವ್ರ ಅಪಾಯದಂಚಿನ ಪ್ರಭೇದ.